ಕ್ಯಾಸೆಟ್ಟಿನ ಚಕ್ಕೆ, ದೊಡ್ಡಮ್ಮನ ಫೋನು

ನಮ್ಮ ಬಳಗದಲ್ಲಿ ನನಗೊಂದು ಸಂಬಳವಿಲ್ಲದ ಹುದ್ದೆ ಇದೆ. ಮದುವೆಯೋ ಮುಂಜಿಯೋ ವೈಕುಂಠ ಸಮಾರಾಧನೆಯೋ, ಯಾವುದೇ ಇರಲಿ, ಕೊನೆಯ ಪಂಕ್ತಿ ಎದ್ದು ಎಲೆಅಡಿಕೆ ತಟ್ಟೆ ಒಂದು ಸುತ್ತು ಬರುವ ಹೊತ್ತಿಗೆ ಯಾರಾದರೊಬ್ಬರು ಫೋನು ಹಿಡಿದುಕೊಂಡು ನನ್ನ ಪಕ್ಕದ ಕುರ್ಚಿಗೆ ಬರುತ್ತಾರೆ. "ಜಾಗ ಇಲ್ಲ ಅಂತ ಬರ್ತಿದೆ, ಸ್ವಲ್ಪ ನೋಡೇ." ದನಿ ತಗ್ಗಿರುತ್ತದೆ. ಫೋನು ತುಂಬಿಹೋದದ್ದು ತಮ್ಮದೇ ಯಾವುದೋ ಅಶಿಸ್ತು ಎಂಬ ಸಂಕೋಚ. ಮರುಕ್ಷಣವೇ ಷರತ್ತು ಬೀಳುತ್ತದೆ: "ಆದ್ರೆ ಏನೂ ಹೋಗಬಾರದು ಕಣೇ!"

ಜಾಗ ಆಗಬೇಕು, ಏನೂ ಹೋಗಬಾರದು. ಇದನ್ನು ಕೇಳಿದ ಕೂಡಲೇ ನಮ್ಮನೆಯ ಹುಡುಗರು ನಗುತ್ತಾರೆ. ಅವರದು ಎರಡು ನಿಮಿಷದ ಕೆಲಸ: ಗ್ಯಾಲರಿ ತೆಗೆ, ಎಲ್ಲವನ್ನೂ ಒಟ್ಟಿಗೆ ಆರಿಸು, ಡಿಲೀಟ್ ಒತ್ತು. ನನಗೆ ಒಂದು ಮಧ್ಯಾಹ್ನ ಬೇಕು. ಯಾಕೆಂದರೆ ನಾನು ಮೊದಲು ಕೇಳುವುದು ಯಾವುದನ್ನು ತೆಗೆಯಲಿ ಅಂತ ಅಲ್ಲ. ಹಾಗೆ ಕೇಳಿದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಸಾವಿರಾರು ಚಿತ್ರಗಳ ಮುಂದೆ ಮಂಕಾಗಿ ಕೂರುತ್ತಾರೆ. ಯಾವುದು ಹೋಗಲೇಬಾರದು ಅಂತ ಕೇಳಿ ನೋಡಿ. ಉತ್ತರ ಥಟ್ಟನೆ ಬರುತ್ತದೆ, ಅದೂ ಬಲು ಚಿಕ್ಕದಾಗಿ.

ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳುವುದು ನನಗೆ ರೂಢಿಯಾದದ್ದು ಟೇಪ್‌ರೆಕಾರ್ಡರಿನ ಕಾಲದಲ್ಲಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ನಮ್ಮ ಮನೆ ತಲುಪುವಷ್ಟರಲ್ಲಿ ಎಂಬತ್ತರ ದಶಕ ಅರ್ಧ ಕಳೆದಿತ್ತು. ಅದರ ಹಿಂಬದಿಯ ಅಂಚಿನಲ್ಲಿ ಎರಡು ಪ್ಲಾಸ್ಟಿಕ್ ಚಕ್ಕೆಗಳಿದ್ದವು, ಒಂದೊಂದು ಬದಿಗೆ ಒಂದೊಂದು. ಚಕ್ಕೆ ಮುರಿದರೆ ಆ ಬದಿಯ ಮೇಲೆ ಮತ್ತೆ ಏನನ್ನೂ ತುಂಬಿಸುವ ಹಾಗಿಲ್ಲ. ರೆಕಾರ್ಡ್ ಗುಂಡಿ ಎಷ್ಟು ಒತ್ತಿದರೂ ಕೆಳಗಿಳಿಯದು. ಅಂಗಡಿಯಿಂದ ತಂದ ಚಿತ್ರಗೀತೆಯ ಕ್ಯಾಸೆಟ್ಟುಗಳಿಗೆ ಚಕ್ಕೆಯೇ ಇರುತ್ತಿರಲಿಲ್ಲ. ಖಾಲಿ ಕ್ಯಾಸೆಟ್ಟಿಗೆ ಇರುತ್ತಿತ್ತು, ಮುರಿಯುವುದು ಬಿಡುವುದು ಮನೆಯವರ ತೀರ್ಮಾನ.

ಅಪ್ಪ ಒಂದು ಸಂಜೆ ಅಜ್ಜಿಯನ್ನು, ಅಂದರೆ ಅಮ್ಮನ ಅಮ್ಮನನ್ನು, ಅರಸೀಕೆರೆ ಮನೆಯ ನಡುಮನೆಯಲ್ಲಿ ಕೂರಿಸಿ ಹಾಡಿಸಿದರು. ಆರತಿ ಹಾಡು, ಎಣ್ಣೆ ಶಾಸ್ತ್ರದ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು. ಒಂದು ಬದಿ ತುಂಬಿದ ಕೂಡಲೇ ಸ್ಕ್ರೂಡ್ರೈವರ್ ತಂದು ಆ ಬದಿಯ ಚಕ್ಕೆಯನ್ನು ಪಟ್ಟನೆ ಮುರಿದರು. ಇನ್ನೊಂದು ಬದಿಯದನ್ನು ಮುರಿಯಲಿಲ್ಲ, ಅಜ್ಜಿ ಇನ್ನೂ ಹಾಡುವುದು ಬಾಕಿ ಇತ್ತು. ಇಂದಿಗೂ ಆ ಕ್ಯಾಸೆಟ್ಟಿನ ಮೊದಲ ಬದಿ ಪೂರ್ತಿ ಅಜ್ಜಿಯದು. ಎರಡನೆಯ ಬದಿಯಲ್ಲಿ ಲಾಲಿ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ಕರಕರ ಸದ್ದಿನ ಸಮೇತ ರೇಡಿಯೊದ ಚಿತ್ರಗೀತೆ ನುಗ್ಗುತ್ತದೆ. ಸೋದರಮಾವನ ಕೈಚಳಕ. ಕೇಳಿದರೆ, "ಮುಂದೆ ಖಾಲಿ ಇತ್ತಲ್ಲ" ಎಂದು ಈ ವಯಸ್ಸಿನಲ್ಲೂ ವಾದ ಮಾಡುತ್ತಾನೆ.

ಚಕ್ಕೆಯ ವಂಶ ದೊಡ್ಡದು. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನಮಗೆ ಒಂದು ಬಗೆಯ ಚಿಪ್ಪು ತೋರಿಸುತ್ತಿದ್ದರು, ಬೆನ್ನ ಮೇಲೆ ಗಾಜಿನ ಪುಟ್ಟ ಕಿಟಕಿ. 1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ರೂಪಿಸಿದ ಇಪ್ರಾಮ್ ಅದು. ಬರೆದದ್ದನ್ನು ಅಳಿಸಬೇಕೆಂದರೆ ಆ ಕಿಟಕಿಯನ್ನು ನೇರಳಾತೀತ ದೀಪದ ಕೆಳಗೆ ಇಪ್ಪತ್ತು ನಿಮಿಷದ ಮಟ್ಟಿಗೆ ಇಡಬೇಕು. ಅಳಿಸಬಾರದೆಂದರೆ ಕಿಟಕಿಗೆ ಒಂದು ಚೂರು ಸ್ಟಿಕ್ಕರ್ ಅಂಟಿಸಬೇಕು, ಬಿಸಿಲು ಸೋಕದ ಹಾಗೆ. ಆಮೇಲೆ ಬಂದ ಫ್ಲಾಪಿಯ ಮೂಲೆಯಲ್ಲಿ ಸರಿಸುವ ಚಿಲಕ ಇತ್ತು. ಕ್ಯಾಮೆರಾಗೆ ಹಾಕುವ ದೊಡ್ಡ ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಈಗಲೂ ಇದೆ. ಅದೇ ಕಾರ್ಡು ಉಗುರಿನಷ್ಟಕ್ಕೆ ಇಳಿದು ಫೋನಿನ ಮೆಮೊರಿ ಕಾರ್ಡಾದಾಗ ಚಿಲಕಕ್ಕೆ ಜಾಗ ಉಳಿಯಲಿಲ್ಲ. ಬಸ್‌ಸ್ಟ್ಯಾಂಡಿನ ಪಕ್ಕದ ಮೊಬೈಲ್ ಅಂಗಡಿಗಳಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಡುತ್ತಿದ್ದ ದಿನಗಳು ನೆನಪಿವೆಯೇ? ಕಾರ್ಡು ಕೈಗೆ ಬಂದ ಕೂಡಲೇ ಹುಡುಗ ಮೊದಲು ಮಾಡುತ್ತಿದ್ದ ಕೆಲಸ ಫಾರ್ಮ್ಯಾಟ್ ಹೊಡೆಯುವುದು. ಮೊನ್ನೆಯ ಗೃಹಪ್ರವೇಶದ ಫೋಟೊ ಅದರಲ್ಲಿತ್ತು ಎಂಬುದು ಯಜಮಾನರಿಗೆ ಮನೆಗೆ ಹೋದ ಮೇಲೆ ನೆನಪಾಗುತ್ತಿತ್ತು. ಕೈಯಲ್ಲಿ ಮಾತ್ರ ಇನ್ನೂರು ಹಾಡು.

ಈಗಿನ ಫೋನಿಗಂತೂ ಮುರಿಯಲು ಏನೂ ಇಲ್ಲ. ಇಡೀ ಫೋನು ಸದಾ ಅಳಿಸಿಕೊಳ್ಳಲು ಸಿದ್ಧ. ಚಕ್ಕೆ ಇಲ್ಲದ ಕಡೆ ಉಳಿಯುವ ಉಪಾಯ ಒಂದೇ, ನಕಲು. ಅದು ಚಕ್ಕೆಗಿಂತ ಎಷ್ಟೋ ಹಳೆಯದು.

ನಮ್ಮ ನಾಡಿನಲ್ಲಿ ಅಳಿಸಿ ಬರೆಯುವ ಪುಸ್ತಕವೇ ಇತ್ತು. ಕಡತ. ಈಗ ಕಚೇರಿಯ ಮೇಜಿನ ಮೇಲೆ ಮಲಗಿರುವುದಲ್ಲ, ಅದಕ್ಕೂ ಹಿಂದಿನದು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹೊತ್ತಿಗೆ. ಬಳಪದ ಕಡ್ಡಿಯಲ್ಲಿ ಬರೆಯುವುದು, ಬೇಡವಾದರೆ ಒರೆಸುವುದು, ಸವೆದರೆ ಮತ್ತೆ ಕರಿ ಬಳಿಯುವುದು. ವ್ಯಾಪಾರಿಗಳು ಲೆಕ್ಕ ಇಟ್ಟದ್ದು ಇದರಲ್ಲೇ. ಒದ್ದೆ ಬಟ್ಟೆಯ ಒಂದು ಎಳೆತಕ್ಕೆ ಹೋಗಿಬಿಡುವ ಬರಹ. ಆದರೂ ಶೃಂಗೇರಿ ಮಠದ ಕಡತಗಳು ಉಳಿದು, ಇತಿಹಾಸಕಾರರಿಗೆ ದಾಖಲೆಯಾಗಿ ಸಿಕ್ಕಿವೆ. ಯಾರೋ ಅವನ್ನು ಒರೆಸದೆ ಎತ್ತಿಟ್ಟರು ಅನ್ನುವುದಷ್ಟೇ ಇದಕ್ಕೆ ಕಾರಣ.

ತಾಳೆಗರಿಯದು ತಿರುಗುಮುರುಗು ಪಾಡು. ಮೊನಚಾದ ಕಂಟದಿಂದ ಕೊರೆದದ್ದನ್ನು ಒರೆಸಲಾಗದು. ಆದರೆ ಹುಳು, ತೇವ, ಮುರುಕಲು ಅದನ್ನು ತಾವಾಗಿಯೇ ಅಳಿಸುತ್ತವೆ. ಅದಕ್ಕೇ ಹಳೆಯ ಗರಿ ಪೂರ್ತಿ ಹಾಳಾಗುವ ಮೊದಲು ಹೊಸ ಗರಿಗೆ ಇಳಿಸಿಕೊಂಡು, ಆಮೇಲೆ ಹಳತನ್ನು ಹೊಳೆಗೆ ಬಿಡುವ ಪದ್ಧತಿ ಇತ್ತು. ಮೊದಲು ನಕಲು, ಆಮೇಲೆ ಹೊಳೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಶಾಲೆಯಲ್ಲಿ ಓದುವಾಗ ನಮಗೆ ಅದು ದಾನದ ಕತೆ. ಈಗ ನನಗೆ ಆಕೆ ಬ್ಯಾಕಪ್ಪಿನ ಮಹತ್ವ ಕಂಡುಕೊಂಡ ಹೆಂಗಸಾಗಿಯೂ ಕಾಣುತ್ತಾಳೆ.

ಇದರ ತದ್ವಿರುದ್ಧ ಮೂಡುಬಿದಿರೆಯ ಕತೆ. ಜೈನರ ಪ್ರಾಚೀನ ಸಿದ್ಧಾಂತ ಗ್ರಂಥಗಳಾದ ಧವಲಾ, ಜಯಧವಲಾ ಮುಂತಾದವುಗಳ ತಾಳೆಗರಿ ಪ್ರತಿ ಜಗತ್ತಿನಲ್ಲಿ ಉಳಿದದ್ದು ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಮಾತ್ರ, ಅದೂ ಹಳೆಯ ಕನ್ನಡ ಲಿಪಿಯಲ್ಲಿ. ಯಾತ್ರಿಕರು ದೂರದಿಂದ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. ಒಂದು ಕಿಡಿ ಅಥವಾ ಒಂದು ಜೋರು ಮಳೆಗಾಲ ಸಾಕಿತ್ತು. 1896ರಲ್ಲಿ ನಕಲು ಕೆಲಸ ಶುರುವಾಗಿ ಮುಗಿಯಲು ಎರಡು ದಶಕ ದಾಟಿತು. ಮಾಡಿದ ನಕಲೂ ಅದೇ ಊರಿನಲ್ಲಿ ಉಳಿಯಬೇಕೆಂಬ ಕಟ್ಟುಪಾಡು ಬೇರೆ. ನಕಲು ಮಾಡುತ್ತಿದ್ದ ಪಂಡಿತರೊಬ್ಬರು ಹೆಂಡತಿಯ ನೆರವಿನಿಂದ ಮನೆಯಲ್ಲಿ ಗುಟ್ಟಾಗಿ ಇನ್ನೊಂದು ಪ್ರತಿ ಬರೆದುಕೊಂಡರು. ಅದು ಉತ್ತರದ ಸಹಾರನ್‌ಪುರ ಸೇರಿತು, ಅಲ್ಲಿಂದ ಮುಂದೆ ಹಬ್ಬಿತು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾದ ಮೊದಲ ಸಂಪುಟ ಅಮರಾವತಿಯಿಂದ ಅಚ್ಚಾಯಿತು. ಆ ಪಂಡಿತರು ಮಾಡಿದ್ದು ನಿಯಮಕ್ಕೆ ಸರಿಯಲ್ಲ, ನಿಜ. ನನ್ನ ಕೈಲಿ ತೀರ್ಪು ಇದ್ದಿದ್ದರೆ ಶಾಲು ಹೊದಿಸಿ ಕಳಿಸುತ್ತಿದ್ದೆ, ಆ ಗೃಹಿಣಿಗೆ ಇನ್ನೂ ದೊಡ್ಡ ಶಾಲು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ ಫೋನಿನ ಹೊಟ್ಟೆಯೊಳಗಿರುವ ಚಿಪ್ಪು ಕೂಡ ತಾಳೆಗರಿಯವರ ಕ್ರಮವನ್ನೇ ಪಾಲಿಸುತ್ತದೆ. ಅದರ ಹೆಸರು ಫ್ಲ್ಯಾಶ್ ಮೆಮೊರಿ. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ 1984ರಲ್ಲಿ ಇದರ ಮೊದಲ ರೂಪವನ್ನು ಸ್ಯಾನ್ ಫ್ರಾನ್ಸಿಸ್ಕೋದ ಸಮ್ಮೇಳನವೊಂದರಲ್ಲಿ ಮುಂದಿಟ್ಟರು. ಇವತ್ತು ಎಲ್ಲರ ಜೇಬಿನಲ್ಲಿರುವ ನ್ಯಾಂಡ್ ಎಂಬ ಬಗೆ 1987ರದು. ಬಂದ ಬಹುಮಾನ ಸಾಲದೆಂದು ಅವರು ಮುಂದೆ ಕಂಪನಿಯ ಮೇಲೆ ದಾವೆ ಹೂಡಿ, 2006ರಲ್ಲಿ 8.7 ಕೋಟಿ ಯೆನ್‌ಗೆ ರಾಜಿಯಾದರು. ನಮ್ಮೆಲ್ಲರ ಮದುವೆ ಆಲ್ಬಮ್ಮು ಹೊತ್ತವನಿಗೆ ಅದು ಹೆಚ್ಚೇನಲ್ಲ.

ಈ ಚಿಪ್ಪಿನಲ್ಲಿ ಬರೆಯುವುದು ಪುಟಪುಟವಾಗಿ. ಅಳಿಸುವುದು ಮಾತ್ರ ಹಾಗಲ್ಲ, ನೂರಾರು ಪುಟಗಳ ಇಡೀ ಬ್ಲಾಕನ್ನು ಒಂದೇ ಸಲ. ಹಳೆಯ ವಠಾರ ನೆನಪಿಸಿಕೊಳ್ಳಿ: ಒಂದೇ ಮನೆ ಕೆಡವುವ ಹಾಗಿಲ್ಲ, ಕೆಡವಿದರೆ ಇಡೀ ಸಾಲು. ಹಾಗಾಗಿ ಇನ್ನೂ ಇರಬೇಕಾದ ಬಾಡಿಗೆದಾರರನ್ನೆಲ್ಲ ಮೊದಲು ಬೇರೆ ವಠಾರಕ್ಕೆ ಸಾಗಿಸಬೇಕು, ಆಮೇಲೆ ಕೆಡವಬೇಕು. ಚಿಪ್ಪಿನ ಮೇಸ್ತ್ರಿ ನಮಗೆ ಗೊತ್ತಾಗದಂತೆ ಹಗಲೂ ರಾತ್ರಿ ಇದೇ ಸಾಗಾಟ ನಡೆಸುತ್ತಿರುತ್ತಾನೆ. ಸಾಗಿಸಲು ಖಾಲಿ ವಠಾರವೇ ಇಲ್ಲದಿದ್ದರೆ ಕೆಲಸ ತೆವಳುತ್ತದೆ. ಪೂರ್ತಿ ತುಂಬಿದ ಫೋನು ಕರೆ ಎತ್ತುವುದಕ್ಕೂ ಒದ್ದಾಡುವುದರ ಹಿಂದೆ ಇದೂ ಒಂದು ಕಾರಣ. ಕೊನೆಯ ಹನಿಯವರೆಗೆ ತುಂಬಿಸಬೇಡಿ, ಹತ್ತರಲ್ಲಿ ಒಂದು ಪಾಲಾದರೂ ಖಾಲಿ ಬಿಡಿ ಎಂದು ನಾನು ಬಳಗಕ್ಕೆಲ್ಲ ಹೇಳುವುದು ಇದಕ್ಕೇ.

ಕಳೆದ ದಸರೆ ರಜೆಯಲ್ಲಿ ಅರಸೀಕೆರೆಗೆ ಹೋದಾಗ ದೊಡ್ಡಮ್ಮನ ಸರದಿ. ಅರವತ್ತನಾಲ್ಕು ಜಿಬಿಯ ಫೋನು. ಅದರಲ್ಲಿ ಒಂದು ಪಾಲು ಫೋನಿನ ಸ್ವಂತ ಸಂಸಾರಕ್ಕೇ ಹೋಗಿರುತ್ತದೆ, ಉಳಿದದ್ದರಲ್ಲಿ ಸಿಂಹಪಾಲು ವಾಟ್ಸಾಪಿನದು. "ಯಾವುದು ಹೋಗಬಾರದು, ಹೇಳಿ ದೊಡ್ಡಮ್ಮ" ಅಂದೆ. ಹುರುಳಿಕಾಯಿ ಮುರಿಯುತ್ತಲೇ ಹೇಳಿದರು: ಮೊಮ್ಮಗಳ ನಾಮಕರಣ, ಪಹಣಿಯ ಫೋಟೊ, ರಕ್ತಪರೀಕ್ಷೆಯ ರಿಪೋರ್ಟು, ತೀರಿಕೊಂಡ ದೊಡ್ಡಪ್ಪನ ವಾಯ್ಸ್ ಮೆಸೇಜು. ಹಾಕಿ ಕೇಳಿದೆ. "ನುಗ್ಗೆಕಾಯಿ ಚೆನ್ನಾಗಿಲ್ಲ, ಬೀನ್ಸ್ ತರ್ಲಾ?" ಅಷ್ಟೇ. ಅದಕ್ಕೆ ವಾಟ್ಸಾಪಿನಲ್ಲೇ ನಕ್ಷತ್ರ ಒತ್ತಿದೆ. ಚಾಟನ್ನು ಖಾಲಿ ಮಾಡುವಾಗ, ನಕ್ಷತ್ರ ಹಾಕಿದ್ದನ್ನೂ ಅಳಿಸಲಾ ಎಂದು ಅದು ಬೇರೆಯಾಗಿ ಕೇಳುತ್ತದೆ. ಆ ಚೌಕಕ್ಕೆ ಗುರುತು ಹಾಕದಿದ್ದರೆ ಅವು ಉಳಿಯುತ್ತವೆ. ಚಕ್ಕೆಯ ಮರಿಮಗ ಎನ್ನಬಹುದು. ಆದರೂ ನಂಬಿ ಕೂರುವುದು ಬೇಡವೆಂದು ಆ ಧ್ವನಿಯ ಫೈಲನ್ನು ಹೊರಗೂ ತೆಗೆದಿಟ್ಟೆ.

ನಕಲು ಮಾಡಲು ಹೊರಟರೆ ಅಲ್ಲೊಂದು ಗಂಟು. ಗೂಗಲ್ ಫೋಟೋಸ್‌ಗೆ ಎಲ್ಲವೂ ಹೋಗುತ್ತಿದೆ ಎಂದು ಮನೆಮಂದಿ ನಿಶ್ಚಿಂತರಾಗಿದ್ದರು. ಹೋಗುತ್ತಿತ್ತು, ಯಾರ ಖಾತೆಗೆ? ಫೋನು ಮಾರಿದ ಅಂಗಡಿಯ ಹುಡುಗ ಅವತ್ತು ತೆರೆದುಕೊಟ್ಟ ಖಾತೆಗೆ. ಪಾಸ್‌ವರ್ಡು ಅವನ ತಲೆಯಲ್ಲಿ, ಅವನು ಈಗ ಯಾವ ಊರಿನಲ್ಲೋ. ತೆರೆಯಲಾಗದ ಬೀರುವಿಗೆ ಒಡವೆ ಹಾಕಿದ್ದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು: ಕ್ಯಾಮೆರಾದಲ್ಲಿ ತೆಗೆದದ್ದು ಮಾತ್ರ ತಾನಾಗಿ ಮೇಲೆ ಹೋಗುತ್ತದೆ. ವಾಟ್ಸಾಪಿನಲ್ಲಿ ಬಂದ ಚಿತ್ರಗಳ ಫೋಲ್ಡರನ್ನು ನಾವೇ ಆರಿಸಿ ಸೇರಿಸಬೇಕು. ದೊಡ್ಡಮ್ಮನ ನಾಮಕರಣದ ಫೋಟೊಗಳೆಲ್ಲ ಬಂದದ್ದು ಸೊಸೆಯಿಂದ, ವಾಟ್ಸಾಪಿನಲ್ಲಿ. ಒಂದೂ ಮೇಲೆ ಹೋಗಿರಲಿಲ್ಲ.

ಹೊಸ ಖಾತೆ ತೆರೆದು ಪಾಸ್‌ವರ್ಡನ್ನು ಪಂಚಾಂಗದ ಕೊನೆಯ ಪುಟದಲ್ಲಿ ಬರೆಸಿದೆ. ಬ್ಯಾಂಕಿನವರು ಒಪ್ಪದಿರಬಹುದು; ಆ ಮನೆಯಲ್ಲಿ ಪಂಚಾಂಗಕ್ಕಿಂತ ಭದ್ರವಾದ ಜಾಗ ಇಲ್ಲ. ಮಿತಿಯಿಲ್ಲದೆ ಫೋಟೊ ಇಡಲು ಬಿಡುತ್ತಿದ್ದ ಉದಾರ ಕಾಲ 2021ರ ಜೂನ್ ಒಂದರಂದು ಮುಗಿಯಿತು. ಈಗ ಪುಕ್ಕಟೆ ಸಿಗುವುದು ಹದಿನೈದು ಜಿಬಿ, ಅದರಲ್ಲೇ ಜಿಮೇಲು, ಅದರಲ್ಲೇ ಫೋಟೊ, ಆಂಡ್ರಾಯ್ಡ್ ಫೋನಾದರೆ ವಾಟ್ಸಾಪ್ ಬ್ಯಾಕಪ್ಪೂ ಅದರಲ್ಲೇ. ಅದು ತುಂಬಿ ತುಳುಕಿದರೆ ಬರುವ ಮೇಲುಗಳೂ ನಿಲ್ಲುತ್ತವೆ.

ನಕಲು ಹೋದ ಮೇಲೆ ಅದು ತೆರೆಯುತ್ತದೆಯೇ ಎಂದು ಬೇರೆ ಯಂತ್ರದಲ್ಲಿ ನೋಡುವುದು ನನ್ನ ಹಟ. ಲ್ಯಾಪ್‌ಟಾಪಿನಲ್ಲಿ ನಾಮಕರಣದ ವಿಡಿಯೊ ಕೊನೆಯವರೆಗೆ ಓಡಿಸಿ, ಮಗು ಅಳುವುದನ್ನು ಕೇಳಿದ ಮೇಲೆಯೇ ಫೋನಿನ ಕಡೆ ತಿರುಗಿದ್ದು. ಅಲ್ಲೂ ಎರಡು ಗುಂಡಿಗಳ ನಡುವೆ ಹುಷಾರು ಬೇಕು. 'ಫ್ರೀ ಅಪ್ ಸ್ಪೇಸ್' ಒತ್ತಿದರೆ ಫೋನಿನಲ್ಲಿರುವ ಪ್ರತಿ ಮಾತ್ರ ಹೋಗಿ, ಮೇಲಿನದು ಉಳಿಯುತ್ತದೆ. ಅದೇ ಆ್ಯಪಿನಲ್ಲಿ ಕಸದ ಬುಟ್ಟಿಯ ಗುರುತು ಒತ್ತಿದರೆ ಎರಡೂ ಕಡೆ ಹೋಗುತ್ತದೆ. ಹಾಗೆ ಬುಟ್ಟಿಗೆ ಬಿದ್ದದ್ದನ್ನು, ಮೇಲೆ ನಕಲಿದ್ದದ್ದಾದರೆ, ಅರವತ್ತು ದಿನ ಕಾದಿಟ್ಟು ಬಿಸಾಡುತ್ತಾರೆ, ಐಫೋನಿನ ಸ್ವಂತ ಫೋಟೋಸ್ ಆ್ಯಪಿನಲ್ಲಾದರೆ ಮೂವತ್ತು. ಬುಟ್ಟಿಯಲ್ಲಿರುವವರೆಗೂ ಜಾಗ ತಿನ್ನುತ್ತಲೇ ಇರುತ್ತದೆ. ಆದರೂ ಅದನ್ನು ಅವತ್ತೇ ಖಾಲಿ ಮಾಡಲು ನನಗೆ ಮನಸ್ಸಾಗುವುದಿಲ್ಲ. ಯಾರಿಗಾದರೂ ರಾತ್ರಿ ಎಚ್ಚರವಾಗಿ ಏನಾದರೂ ನೆನಪಾಗುವುದು ಇದ್ದದ್ದೇ.

'ಕ್ಲಿಯರ್ ಕ್ಯಾಶ್' ಒತ್ತಲು ಹೆದರಬೇಕಿಲ್ಲ. ಆ್ಯಪು ತನ್ನ ಅನುಕೂಲಕ್ಕೆ ಕೂಡಿಟ್ಟ ತಾತ್ಕಾಲಿಕ ಸರಕು ಅದು, ಬೇಕಾದರೆ ಮತ್ತೆ ತರಿಸಿಕೊಳ್ಳುತ್ತದೆ. ಪಕ್ಕದಲ್ಲೇ ಕೂತ 'ಕ್ಲಿಯರ್ ಡೇಟಾ' ಆ್ಯಪಿನೊಳಗಿನ ಸರ್ವಸ್ವವನ್ನೂ ಗುಡಿಸುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿಟ್ಟವರ ಮೇಲೆ ನನಗೆ ಸಿಟ್ಟಿದೆ. ಯುಪಿಐ, ಬ್ಯಾಂಕಿನ ಆ್ಯಪುಗಳನ್ನು ಜಾಗಕ್ಕಾಗಿ ಕಿತ್ತರೆ ಮತ್ತೆ ನೋಂದಣಿಯ ಪಾಡು. ಇನ್ನು ಕೆಂಪು ದೀಪ ಮಿಣುಕಿಸುತ್ತಾ ಫೋನು ಚೊಕ್ಕ ಮಾಡಿಕೊಡುತ್ತೇನೆಂದು ತಾನಾಗಿ ಎದುರು ಬರುವ ಜಾಹೀರಾತಿನ ಆ್ಯಪುಗಳಿವೆಯಲ್ಲ, ಅವನ್ನು ಒಳಗೆ ಬಿಡಲೇಬಾರದು. ದೊಡ್ಡಮ್ಮನ ಫೋನಿನಲ್ಲಿ ಆ ಜಾತಿಯವು ಮೂರು ಇದ್ದವು, ಒಂದಕ್ಕೊಂದು ಸ್ಪರ್ಧೆಯ ಮೇಲೆ ಜಾಗ ತಿನ್ನುತ್ತಾ.

ಆಮೇಲೆ ಶುಭೋದಯಗಳ ಸಾಲು. ಗುಲಾಬಿ, ಸೂರ್ಯ, ಕಾಫಿ ಲೋಟ, ಗುರುವಾರವಾದರೆ ರಾಯರು, ಶನಿವಾರವಾದರೆ ಆಂಜನೇಯ. ಭಾರತದಲ್ಲಿ ಮೂವರು ಸ್ಮಾರ್ಟ್‌ಫೋನ್ ಬಳಕೆದಾರರಲ್ಲಿ ಒಬ್ಬರಿಗೆ ದಿನವೂ ಜಾಗ ಮುಗಿಯುತ್ತದೆ, ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರಿಗೆ ಎಂದು 2018ರ ಜನವರಿಯಲ್ಲಿ 'ವಾಲ್ ಸ್ಟ್ರೀಟ್ ಜರ್ನಲ್' ಬರೆದಾಗ ಬೊಟ್ಟು ತೋರಿಸಿದ್ದು ಇವುಗಳ ಕಡೆಗೇ. ಅದಕ್ಕೆ ಸ್ವಲ್ಪ ಮೊದಲು, 2017ರ ಡಿಸೆಂಬರಿನಲ್ಲಿ, ಗೂಗಲ್ 'ಫೈಲ್ಸ್ ಗೋ' ಎಂಬ ಆ್ಯಪು ತಂದಿತ್ತು. ಶುಭೋದಯದ ಚಿತ್ರಗಳನ್ನು ತಾನೇ ಗುರುತಿಸಿ ಗುಡ್ಡೆ ಹಾಕಿಕೊಡುವ ವಿದ್ಯೆಯನ್ನೂ ಅದಕ್ಕೆ ಕಲಿಸಿದ್ದರು. ನನಗೋ ಅವನ್ನು ಅಳಿಸಲು ಅಳುಕು. ದಾವಣಗೆರೆಯ ಗೆಳತಿ ದಿನಾ ಕಳಿಸುವವು, ದೊಡ್ಡಮ್ಮನಿಗೆ ಬೇಸರವಾದೀತು ಎಂದು ಒಂದೊಂದನ್ನೇ ತೋರಿಸಿ ಕೇಳತೊಡಗಿದೆ.

"ಏನು ತೋರಿಸ್ತಿದೀಯೆ ಇದನ್ನೆಲ್ಲ? ತೆಗಿ."

"ಅವರು ಪ್ರೀತಿಯಿಂದ ಕಳಿಸಿದ್ದಲ್ವಾ ದೊಡ್ಡಮ್ಮ?"

"ಬಂತು, ನೋಡಿದೆ, ಅವಳು ಎದ್ದಿದಾಳೆ ಅಂತ ಗೊತ್ತಾಯ್ತು. ಇಟ್ಕೊಂಡು ಏನು ಮಾಡ್ಲಿ?"

ಒಂದೇ ಏಟಿಗೆ ಮೂರು ಜಿಬಿ ಖಾಲಿ. ಫೋನು ಗುಡಿಸಿಕೊಡುವ ಆ್ಯಪಿಗಿಂತ ಮಾಲೀಕರೇ ಚುರುಕು. ಗೂಗಲ್ಲಿನ ಆ ಆ್ಯಪಿನ ಕಣ್ಣಿಗೆ ಬೇಡವೆನಿಸಿದ್ದರ ಪಟ್ಟಿಯಲ್ಲಿ, ಮಬ್ಬು ಫೋಟೊಗಳ ಸಾಲಿನಲ್ಲಿ, ಕರ್ರಗೆ ಜಿಡ್ಡಾದ ಒಂದು ಲೋಹದ ತಗಡು ಕಂಡಿತು. ಅಳಿಸಲು ಹೋದ ನನ್ನ ಕೈಯನ್ನು ದೊಡ್ಡಮ್ಮ ಹಿಡಿದರು. "ಅದು ತೋಟದ ಮೋಟರಿನ ನಂಬರು. ರಿಪೇರಿಯವನು ಕೇಳಿದಾಗೆಲ್ಲ ಬಾವಿಗೆ ಇಳಿಯೋರು ಯಾರು?" ಈ ಕಾರಣಕ್ಕೇ ನಾನು ಆ್ಯಪಿನ ಸಲಹೆಯನ್ನು ಪಟ್ಟಿಯಾಗಿ ಓದುತ್ತೇನೆ, ಆಜ್ಞೆಯಾಗಿ ಅಲ್ಲ. ತಾನಾಗಿ ಡೌನ್‌ಲೋಡ್ ಆಗುವುದನ್ನು ವಾಟ್ಸಾಪಿನ ಸೆಟ್ಟಿಂಗಿನಲ್ಲಿ ನಿಲ್ಲಿಸಿದೆ. ಇನ್ನು ಮೇಲೆ ಬೆರಳು ಒತ್ತಿದ ಗುಲಾಬಿ ಮಾತ್ರ ಒಳಗೆ ಬರುತ್ತದೆ.

ಸಂಜೆ ಎಲ್ಲವನ್ನೂ ಇನ್ನೊಂದು ಪ್ರತಿ ಮಾಡಿ ಪೆನ್ ಡ್ರೈವಿಗೆ ಹಾಕಿದೆ. ಜೊತೆಗೆ ಅಜ್ಜಿಯ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಮೊದಲ ಬದಿಯನ್ನೂ. ಅರ್ಧ ಗಂಟೆಯ ಹಾಡು, ಮೂವತ್ತು ಎಂಬಿಯಷ್ಟು. ಯಾರೋ ಕಳಿಸಿದ ಮಿಕ್ಸಿ ರಿಪೇರಿಯ ವಿಡಿಯೊ ಅದಕ್ಕಿಂತ ದಪ್ಪವಿತ್ತು. ದೊಡ್ಡಮ್ಮ ಪೆನ್ ಡ್ರೈವನ್ನು ಸೆರಗಿನಲ್ಲಿ ಒರೆಸಿ ಫೋನಿನ ಡಬ್ಬದ ಜೊತೆ ಬೀರುವಿನಲ್ಲಿಡಲು ಹೊರಟವರು ನಿಂತರು.

"ಎರಡೂ ಒಂದೇ ಬೀರುನಲ್ಲಿದ್ರೆ, ಬೀರು ಹೋದ್ರೆ?"

ಮೂಡುಬಿದಿರೆಯ ಪಂಡಿತರ ಹೆಂಡತಿಯೂ ಹೀಗೇ ಕೇಳಿರಬೇಕು. ಒಂದು ಪ್ರತಿ ಮೈಸೂರಿಗೆ, ನನ್ನ ಜೊತೆ, ಎಂದು ನಿಶ್ಚಯವಾಯಿತು. ಪೆನ್ ಡ್ರೈವೂ ಫ್ಲ್ಯಾಶ್ ಜಾತಿಯದೇ, ವರ್ಷಗಟ್ಟಲೆ ಮುಟ್ಟದೆ ಇಟ್ಟರೆ ಒಳಗಿನ ಚಾರ್ಜು ಸೋರುತ್ತದೆ, ಆಗಾಗ ತೆರೆದು ನೋಡಿ ಹೊಸದಕ್ಕೆ ಇಳಿಸಬೇಕು ಎಂದೆ. ಅದಕ್ಕೂ ಅವರಲ್ಲಿ ದಾರಿ ಇತ್ತು. "ಸರಸ್ವತಿ ಪೂಜೆಗೆ ಪುಸ್ತಕದ ಜೊತೆ ಇದನ್ನೂ ಇಡ್ತೀನಿ. ವರ್ಷಕ್ಕೊಂದ್ಸಲ ತೆಗೆದ ಹಾಗಾಯ್ತು. ನೀನು ಬಂದು ನೋಡು."

ಹೊರಡುವಾಗ ಬಾಗಿಲವರೆಗೆ ಬಂದು ದನಿ ತಗ್ಗಿಸಿದರು. "ನಿನ್ನ ಮಾವನ ಫೋನೂ ತುಂಬಿದೆಯಂತೆ, ನಾಳೆ ನಿಂಗೆ ಫೋನ್ ಮಾಡ್ತಾನೆ. ಮಾಡಿಕೊಡು, ಬೇಡ ಅನ್ನಲ್ಲ. ಈ ಪೆನ್ ಡ್ರೈವ್ ಮಾತ್ರ ಅವನ ಕೈಗೆ ಕೊಡಬೇಡ ಕಣೇ. ಇನ್ನೂ ಖಾಲಿ ಇತ್ತಲ್ಲ ಅಂತಾನೆ."